ನೋಡಿದ್ದೀರಿ, ಉತ್ತರ ಕೊಟ್ಟಿಲ್ಲ: ದೂರಶಿಕ್ಷಣ ಸಂಸ್ಥೆಗಳಿಗೊಂದು ಬಹಿರಂಗ ಪತ್ರ

ದೂರಶಿಕ್ಷಣ ಸಂಸ್ಥೆಗಳನ್ನು ನಡೆಸುವವರಿಗೆ, ಅಲ್ಲಿ ಪಾಠ ಮಾಡುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ನಮಸ್ಕಾರ.

ಒಂದು ರಾತ್ರಿಯ ಸಂಗತಿಯಿಂದ ಶುರು ಮಾಡುತ್ತೇನೆ. ಆಗ ನಾನು ಕೆಲಸಕ್ಕೆ ಹೋಗುತ್ತಲೇ ಎರಡನೇ ಡಿಗ್ರಿಗೆ ಓದುತ್ತಿದ್ದೆ. ಸಂಖ್ಯಾಶಾಸ್ತ್ರದ ಅಸೈನ್‌ಮೆಂಟ್ ಬಾಕಿ ಇತ್ತು. ಪುಸ್ತಕದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್‌ಗೆ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆಗೆ) ಎರಡು ಸೂತ್ರ ಕೊಟ್ಟಿದ್ದರು. ಒಂದರಲ್ಲಿ ‘ಎನ್’ನಿಂದ, ಅಂದರೆ ಒಟ್ಟು ಎಷ್ಟು ಸಂಖ್ಯೆಗಳಿವೆಯೋ ಅದರಿಂದ, ಭಾಗಿಸಬೇಕು, ಇನ್ನೊಂದರಲ್ಲಿ ‘ಎನ್ ಮೈನಸ್ 1’ರಿಂದ. ಯಾಕೆ ಈ ಒಂದು ಕಮ್ಮಿ ಅಂತ ಎಲ್ಲೂ ಬರೆದಿರಲಿಲ್ಲ. ಪುಟ ಹಿಂದೆ ಮುಂದೆ ತಿರುಗಿಸಿ ಸಾಕಾಗಿ, ರಾತ್ರಿ 10.40ಕ್ಕೆ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕೇಳಿದೆ. ಗ್ರೂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಇದ್ದೆವು.

ಮೊದಲು ಬಂದಿದ್ದು ‘ನನಗೂ ಇದೇ ಡೌಟು’. ಆಮೇಲೆ ಇನ್ನೊಬ್ಬರದ್ದು, ‘ನನಗೂ’. ಹೀಗೇ ಏಳೆಂಟು. ನಾನು ಮೆಸೇಜ್ ಒತ್ತಿ ಹಿಡಿದು ಯಾರು ಯಾರು ನೋಡಿದ್ದಾರೆ ಅಂತ ತೆಗೆದು ನೋಡಿದೆ. ನಮ್ಮ ಮೇಷ್ಟ್ರ ಹೆಸರಿನ ಕೆಳಗೆ ಸಮಯ ಇತ್ತು: 10.52. ಅಬ್ಬ, ನೋಡಿದ್ದಾರೆ ಅಂತ ಕಾದೆ. ಹನ್ನೊಂದೂವರೆಯಾಯಿತು. ಫೋನ್ ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗಿದೆ.

ಬೆಳಿಗ್ಗೆ ನೋಡಿದರೆ ಉತ್ತರ ಇತ್ತು, ಮೇಷ್ಟ್ರದ್ದಲ್ಲ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಒಬ್ಬ ಸಹಪಾಠಿ 2.15ಕ್ಕೆ ಒಂದು ಕಾಗದದ ಫೋಟೊ ಹಾಕಿದ್ದ. ಅದರಲ್ಲಿ ಬಾಲ್‌ಪೆನ್ನಿನಲ್ಲಿ ಬರೆದಿದ್ದ: ‘ಐದು ಸಂಖ್ಯೆಗಳ ಸರಾಸರಿ 10 ಅಂತ ಗೊತ್ತು. ನಾಲ್ಕನ್ನು ಹೇಳಿ: 8, 9, 11, 14. ಐದನೆಯದನ್ನು ನಾನೇ ಹೇಳ್ತೀನಿ, 8. ಸರಾಸರಿ ಗೊತ್ತಾದ ಮೇಲೆ ಕೊನೆಯದಕ್ಕೆ ಸ್ವಾತಂತ್ರ್ಯ ಇಲ್ಲ. ಸ್ವತಂತ್ರವಾಗಿ ಉಳಿದಿದ್ದು ನಾಲ್ಕೇ. ಅದಕ್ಕೇ ಎನ್ ಮೈನಸ್ 1.’ ಪೂರ್ತಿ ಕಾರಣ ಇಷ್ಟೇ ಅಲ್ಲ ಅಂತ ನನಗೆ ಈಗ ಗೊತ್ತು. ಆದರೆ ಅವತ್ತು ಆ ಬಾಗಿಲು ತೆರೆದಿದ್ದು ಆ ಕಾಗದದಿಂದಲೇ.

ಅದೇ ಮಧ್ಯಾಹ್ನ ಗ್ರೂಪಿನಲ್ಲಿ ಒಂದು ನೋಟಿಸ್ ಬಂತು. ‘ಗ್ರೂಪಿನಲ್ಲಿ ಅನಗತ್ಯ ಚರ್ಚೆ ಜಾಸ್ತಿಯಾಗಿದೆ. ಇನ್ನು ಮುಂದೆ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕಬಹುದು.’ ಅಲ್ಲಿಗೆ ಮುಗಿಯಿತು. ಉಳಿದ ಎರಡು ವರ್ಷ ಆ ಗ್ರೂಪಿನಲ್ಲಿ ಬಂದಿದ್ದು ಫೀಸಿನ ಕೊನೇ ದಿನಾಂಕ, ಪರೀಕ್ಷೆಯ ವೇಳಾಪಟ್ಟಿ, ಅಷ್ಟೇ. ನೋಟಿಸ್ ಬೋರ್ಡಿಗೆ ಗಾಜಿನ ಬಾಗಿಲು ಹಾಕಿ ಬೀಗ ಜಡಿದ ಹಾಗೆ.

ನಾನು ದೂರಶಿಕ್ಷಣದಲ್ಲಿ ಎರಡು ಸಲ ಓದಿದ್ದೇನೆ. ಮೊದಲ ಸಲ ಅಂಚೆಯಲ್ಲಿ ಪುಸ್ತಕ ಬರುತ್ತಿದ್ದ ಕಾಲದಲ್ಲಿ, ಎರಡನೇ ಸಲ ಎಲ್ಲ ಆನ್‌ಲೈನ್ ಆದ ಮೇಲೆ. ಈಗ ಕೆಲವು ವರ್ಷಗಳಿಂದ ಪಾರ್ಟ್‌ಟೈಮ್ ಅಸೈನ್‌ಮೆಂಟ್ ತಿದ್ದುತ್ತೇನೆ, ವಾರಕ್ಕೊಂದು ಆನ್‌ಲೈನ್ ತರಗತಿ ತೆಗೆದುಕೊಳ್ಳುತ್ತೇನೆ. ಹಾಗಾಗಿ ಬೇಲಿಯ ಎರಡೂ ಕಡೆ ನಿಂತು ನೋಡಿದ್ದೇನೆ. ನಿಮ್ಮನ್ನು ಬರೀ ಬೈಯೋಕೆ ಈ ಪತ್ರ ಬರೆಯುತ್ತಿಲ್ಲ. ನಾನು ಮಾಡಿದ ತಪ್ಪುಗಳೂ ಇಲ್ಲಿವೆ.

ನನ್ನ ತಕರಾರು ಒಂದೇ. ನಮ್ಮನ್ನು ತಲುಪೋಕೆ ನಿಮ್ಮ ಹತ್ತಿರ ಬೇಕಾದಷ್ಟು ದಾರಿ ಇದೆ. ನಾವು ನಿಮ್ಮನ್ನು ತಲುಪೋಕೆ ಒಂದೂ ಇಲ್ಲ. ಇದ್ದರೂ ಆ ಕಡೆ ಯಾರೂ ಕೂತಿರುವುದಿಲ್ಲ.

ಇದು ಇವತ್ತಿನ ಕಾಯಿಲೆಯಲ್ಲ. 1840ರಲ್ಲಿ ಇಂಗ್ಲೆಂಡಿನಲ್ಲಿ ಐಸಾಕ್ ಪಿಟ್‌ಮನ್ ಅಂಚೆಯಲ್ಲಿ ಶಾರ್ಟ್‌ಹ್ಯಾಂಡ್ ಕಲಿಸೋಕೆ ಶುರು ಮಾಡಿದ. ಅದೇ ವರ್ಷ ಅಲ್ಲಿ ‘ಪೆನ್ನಿ’ ಅನ್ನುವ ಒಂದು ಚಿಲ್ಲರೆ ನಾಣ್ಯಕ್ಕೆ ಕಾಗದ ಕಳಿಸುವ ಅಂಚೆ ವ್ಯವಸ್ಥೆ ಬಂದಿತ್ತು. ಕಲಿಯುವವರು ಕೊಟ್ಟ ಭಾಗವನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದು ಕಳಿಸಬೇಕು, ಅದು ತಿದ್ದಿಸಿಕೊಂಡು ವಾಪಸ್ ಬರಬೇಕು. ಇಡೀ ಪಾಠದ ಜೀವ ಇದ್ದಿದ್ದು ಆ ವಾಪಸ್ ಬರುವ ಕಾಗದದಲ್ಲಿ. ಹದಿನೆಂಟು ವರ್ಷ ಆದ ಮೇಲೆ, 1858ರಲ್ಲಿ, ಲಂಡನ್ ವಿಶ್ವವಿದ್ಯಾಲಯ ಇನ್ನೊಂದು ದಾರಿ ತೆರೆಯಿತು. ಕಾಲೇಜಿಗೆ ಬರದೇ ಇದ್ದರೂ ಪರೀಕ್ಷೆ ಬರೆದು ಡಿಗ್ರಿ ಪಡೆಯಬಹುದು. ಎಲ್ಲಿ ಓದುತ್ತೀರಿ, ಹೇಗೆ ಓದುತ್ತೀರಿ ಅನ್ನುವುದು ನಿಮಗೆ ಬಿಟ್ಟಿದ್ದು. ವಿಶ್ವವಿದ್ಯಾಲಯದ ಕೆಲಸ ಪರೀಕ್ಷೆ ನಡೆಸುವುದು. ಆ ಕಾಲಕ್ಕೆ ಅದೂ ದೊಡ್ಡ ಉಪಕಾರವೇ. ಎಷ್ಟೋ ಜನರಿಗೆ ಮುಚ್ಚಿದ್ದ ಬಾಗಿಲು ತೆರೆಯಿತು.

ದೂರಶಿಕ್ಷಣದ ಎಲ್ಲ ಸಂಸ್ಥೆಗಳೂ ಈ ಇಬ್ಬರಲ್ಲಿ ಒಬ್ಬರ ಮಕ್ಕಳು ಅಂತ ನನಗೆ ಅನಿಸುತ್ತದೆ. ಒಂದು ಬಗೆಯವು ತಿದ್ದಿ ವಾಪಸ್ ಕಳಿಸುತ್ತವೆ. ಇನ್ನೊಂದು ಬಗೆಯವು ಪುಸ್ತಕ ಕಳಿಸಿ, ಪರೀಕ್ಷೆಗೆ ಬನ್ನಿ ಅನ್ನುತ್ತವೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿದಾಗ ಜನ ಬೆರಗಾಗಿದ್ದು ಟಿವಿಯಲ್ಲಿ ಪಾಠ ಬರುತ್ತೆ ಅಂತ. ಓದಿದವರಿಗೆ ಕೈಗೆ ಸಿಕ್ಕಿದ್ದು ಟ್ಯೂಟರ್. ಅಸೈನ್‌ಮೆಂಟ್ ಓದಿ, ಪಕ್ಕದಲ್ಲಿ ಟಿಪ್ಪಣಿ ಬರೆದು ಕಳಿಸುವ ಒಬ್ಬ ಮನುಷ್ಯ. 1988ರಲ್ಲೇ ಅವರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಸಾಧನ) ಮೂಲಕ ಕಂಪ್ಯೂಟರ್ ಚರ್ಚೆಗೆ ಕೂರಿಸಿದ್ದರು. ಟೂಲ್ ಹೊಸದು, ಕೆಲಸ ಹಳೆಯದೇ: ಕೇಳಿದ್ದಕ್ಕೆ ಮಾತು ವಾಪಸ್ ಬರಬೇಕು.

ಮೈಕೆಲ್ ಮೂರ್ ಅಂತ ಒಬ್ಬ ಪ್ರೊಫೆಸರ್ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ದೂರಶಿಕ್ಷಣದಲ್ಲಿ ‘ದೂರ’ವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ ಅನ್ನುತ್ತಾರೆ. ಮಾತುಕತೆ ಎಷ್ಟು ಕಮ್ಮಿಯೋ ದೂರ ಅಷ್ಟು ಜಾಸ್ತಿ. ಹಾಗೆ ನೋಡಿದರೆ ಇನ್ನೂರು ಜನರ ಹಾಲಿನಲ್ಲಿ ಕೊನೇ ಬೆಂಚಿನ ಹುಡುಗನೂ ದೂರಶಿಕ್ಷಣದಲ್ಲೇ ಇದ್ದಾನೆ, ಅಲ್ವಾ?

ಈಗ ಲೈವ್ ಕ್ಲಾಸಿನ ವಿಷಯಕ್ಕೆ ಬರುತ್ತೇನೆ. ಅಲ್ಲೇ ಜಾಸ್ತಿ ದುಡ್ಡು ಹೋಗುವುದು, ಅಲ್ಲೇ ಕಮ್ಮಿ ಮಾತುಕತೆ ಆಗುವುದು.

ನಿಮಗೆ ಗೊತ್ತಿರುವ ದೃಶ್ಯವೇ. ಪರದೆಯ ಮೇಲೆ ನಲವತ್ತು ಕಪ್ಪು ಚೌಕ, ಪ್ರತಿ ಚೌಕದಲ್ಲಿ ಒಂದು ಹೆಸರು. ಮೇಷ್ಟ್ರು ಸ್ಲೈಡ್ ಓದುತ್ತಿದ್ದಾರೆ. ಪ್ರತಿ ಐದು ನಿಮಿಷಕ್ಕೆ ‘ಕೇಳಿಸ್ತಾ ಇದೆಯಾ?’ ಅಂತ ಕೇಳುತ್ತಾರೆ. ಯಾರೋ ಒಬ್ಬರು ‘ಎಸ್ ಸರ್’ ಅಂತ ಟೈಪ್ ಮಾಡುತ್ತಾರೆ. ‘ಅರ್ಥ ಆಯ್ತಾ, ಏನಾದ್ರೂ ಡೌಟ್ ಇದೆಯಾ?’ ಒಂದು ಕ್ಷಣ ಮೌನ. ‘ಸರಿ, ಮುಂದೆ ಹೋಗೋಣ.’ ನಾನೂ ಹೀಗೇ ಪಾಠ ಮಾಡಿದ್ದೇನೆ. ಮೊದಲ ಆರು ತಿಂಗಳು ಕಪ್ಪು ಚೌಕಗಳನ್ನು ನೋಡಿ ‘ಇವರಿಗೆ ಆಸಕ್ತಿಯೇ ಇಲ್ಲ’ ಅಂತ ಬೇಜಾರು ಮಾಡಿಕೊಂಡೆ.

ಆಮೇಲೆ ಒಂದು ದಿನ ಪಾಠ ಬಿಟ್ಟು, ನೀವೆಲ್ಲ ಈಗ ಎಲ್ಲಿ ಕೂತಿದ್ದೀರಿ ಅಂತ ಕೇಳಿದೆ. ಚಾಟ್ ತುಂಬಿಹೋಯಿತು. ಒಬ್ಬಳು ಬಸ್ಸಿನಲ್ಲಿ ನಿಂತಿದ್ದಳು. ಒಬ್ಬ ಅಂಗಡಿಯ ಕೌಂಟರ್ ಹಿಂದೆ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಒಬ್ಬಾಕೆಯ ತೊಡೆ ಮೇಲೆ ಮಗು ಮಲಗಿತ್ತು, ಮಾತಾಡಿದರೆ ಎದ್ದುಬಿಡುತ್ತೆ. ಒಬ್ಬ ಆಫೀಸಿನ ಮೆಟ್ಟಿಲ ಮೇಲೆ. ಇಬ್ಬರ ಫೋನಿನಲ್ಲಿ ಮೈಕ್ ಕೆಟ್ಟು ತಿಂಗಳಾಗಿತ್ತು. ಅವತ್ತು ನನಗೆ ನಾಚಿಕೆಯಾಯಿತು. ಇಷ್ಟು ಕಷ್ಟಪಟ್ಟು ಬಂದು ಕೂತವರಿಗೆ ನಾನು ಸ್ಲೈಡ್ ಓದಿ ಹೇಳುತ್ತಿದ್ದೆ.

ಕ್ಯಾಮೆರಾ ಆನ್ ಮಾಡಿ ಅಂತ ಒತ್ತಾಯ ಮಾಡುವವರಿಗೆ ಎರಡು ಮಾತು. ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಮೀಟಿಂಗ್ ಯಾಕೆ ಸುಸ್ತು ಮಾಡುತ್ತೆ ಅಂತ ಬರೆದರು. ಎಲ್ಲರ ಮುಖ ತೀರಾ ಹತ್ತಿರದಿಂದ ನಮ್ಮನ್ನೇ ದಿಟ್ಟಿಸುತ್ತಿರುತ್ತೆ, ನಮ್ಮ ಮುಖವನ್ನು ನಾವೇ ನೋಡಿಕೊಳ್ಳುತ್ತಿರಬೇಕು, ಕೂತ ಜಾಗದಿಂದ ಅಲ್ಲಾಡುವ ಹಾಗಿಲ್ಲ, ತಲೆ ಆಡಿಸುವುದನ್ನೂ ತೋರಿಸಿ ಆಡಿಸಬೇಕು. ದಿನವಿಡೀ ದುಡಿದು ಬಂದವರಿಗೆ ಇದೆಲ್ಲ ಬೇಕಾ? ಎರಡನೆಯದು ಡಾಟಾ. ಸಾಧಾರಣ ವಿಡಿಯೊ ಕರೆಗೆ ಸೆಕೆಂಡಿಗೆ 600 ಕಿಲೋಬಿಟ್ ಅಂತ ಹಿಡಿದರೂ ಗಂಟೆಗೆ 270 ಎಂಬಿ ಆಯಿತು. ಬರೀ ಧ್ವನಿಗೆ 80 ಕಿಲೋಬಿಟ್ ಸಾಕು, ಗಂಟೆಗೆ 36 ಎಂಬಿ. ಕ್ಯಾಮೆರಾ ಕಡ್ಡಾಯ ಅಂತ ನೋಟಿಸ್ ಹಾಕುವ ಮೊದಲು ಈ ಲೆಕ್ಕ ಒಮ್ಮೆ ಮಾಡಿ. ನಿಮ್ಮ ವೈಫೈಗೆ ಗೊತ್ತಾಗದ್ದು ಅವರ ಡಾಟಾ ಪ್ಯಾಕಿಗೆ ಗೊತ್ತಾಗುತ್ತೆ.

ಹಾಗಾದರೆ ಲೈವ್ ಕ್ಲಾಸ್ ಬೇಡವೇ? ಖಂಡಿತ ಬೇಕು. ಆದರೆ ಪಾಠ ಒಪ್ಪಿಸೋಕೆ ಬೇಡ. ನಾನೀಗ ಪಾಠವನ್ನು ಹತ್ತು ಹನ್ನೆರಡು ನಿಮಿಷದ ತುಂಡುಗಳಾಗಿ ಮೊದಲೇ ರೆಕಾರ್ಡ್ ಮಾಡಿ ಹಾಕುತ್ತೇನೆ. ಬಸ್ಸಿನಲ್ಲಿ ನಿಂತವಳು ಅದನ್ನು ಬೇಕಾದಾಗ ಕೇಳಿಕೊಳ್ಳಲಿ. ಲೈವ್ ಬಂದಾಗ ಪ್ರಶ್ನೆ, ಲೆಕ್ಕ, ಜಗಳ, ಅಷ್ಟೇ. ಒಂದು ಸಣ್ಣ ಉಪಾಯ ನನಗೆ ತುಂಬಾ ಕೆಲಸಕ್ಕೆ ಬಂದಿದೆ. ಪ್ರಶ್ನೆ ಕೇಳಿ, ‘ಎಲ್ಲರೂ ಚಾಟ್‌ನಲ್ಲಿ ಉತ್ತರ ಟೈಪ್ ಮಾಡಿ, ಸೆಂಡ್ ಒತ್ತಬೇಡಿ, ನಾನು ಹೇಳಿದಾಗ ಒತ್ತಿ’ ಅನ್ನುತ್ತೇನೆ. ಒಂದು ನಿಮಿಷ ಬಿಟ್ಟು ‘ಒತ್ತಿ’ ಅಂದರೆ ಮೂವತ್ತು ನಲವತ್ತು ಉತ್ತರ ಒಟ್ಟಿಗೇ ಬಂದು ಬೀಳುತ್ತವೆ. ಜಾಣ ಹುಡುಗನ ಉತ್ತರ ನೋಡಿ ಉಳಿದವರು ಸುಮ್ಮನಾಗುವ ಪ್ರಶ್ನೆಯೇ ಇಲ್ಲ. ತಪ್ಪು ಉತ್ತರ ಹನ್ನೆರಡು ಜನರದ್ದಾದರೆ ಯಾರಿಗೂ ಅವಮಾನ ಆಗುವುದಿಲ್ಲ. ಎಲ್ಲಿ ಎಡವಿದರು ಅಂತ ನನಗೂ ಒಂದೇ ನೋಟಕ್ಕೆ ತಿಳಿಯುತ್ತೆ.

ಆ ಒಂದು ನಿಮಿಷ ಕಾಯುವುದು ಬಹಳ ಕಷ್ಟ, ನಿಜ ಹೇಳುತ್ತೇನೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳಲ್ಲಿ ಸಮಯ ಅಳೆದು ನೋಡಿದ್ದರು. ಮೇಷ್ಟ್ರುಗಳು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಹೆಚ್ಚೂ ಕಮ್ಮಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತೆ, ಸುಮ್ಮನಿದ್ದವರೂ ಮಾತಾಡುತ್ತಾರೆ. ಅದು ಎದುರಿಗೆ ಕೂತ ಮಕ್ಕಳ ಲೆಕ್ಕ. ಆನ್‌ಲೈನ್‌ನಲ್ಲಿ ನಿಮ್ಮ ಪ್ರಶ್ನೆ ಅವರನ್ನು ಮುಟ್ಟಬೇಕು, ಅವರು ಅನ್‌ಮ್ಯೂಟ್ ಬಟನ್ ಹುಡುಕಬೇಕು, ಇಲ್ಲಾ ಬೆರಳಲ್ಲಿ ಟೈಪ್ ಮಾಡಬೇಕು. ಒಂದು ಲೋಟ ನೀರು ಇಟ್ಟುಕೊಳ್ಳಿ. ಪ್ರಶ್ನೆ ಕೇಳಿ, ನೀರು ಕುಡಿಯಿರಿ. ಲೋಟ ಕೆಳಗಿಡುವ ಹೊತ್ತಿಗೆ ಉತ್ತರ ಬಂದಿರುತ್ತೆ.

ಚರ್ಚಾ ವೇದಿಕೆಗಳ ಕತೆ ಇನ್ನೊಂದು ರೀತಿ. ನಿಮ್ಮ ಪೋರ್ಟಲ್‌ನಲ್ಲಿ ಪ್ರತಿ ಘಟಕಕ್ಕೂ ಒಂದು ಇರುತ್ತೆ. ‘ಒಂದು ಪೋಸ್ಟ್, ಎರಡು ಪ್ರತಿಕ್ರಿಯೆ ಕಡ್ಡಾಯ’ ಅಂತ ನಿಯಮ. ಕೊನೇ ದಿನಾಂಕದ ರಾತ್ರಿ ‘ಒಳ್ಳೆಯ ವಿಚಾರ, ನಾನೂ ಒಪ್ಪುತ್ತೇನೆ’ ಅನ್ನುವ ಸಾಲು ನೂರು ಸಲ ಬೀಳುತ್ತೆ. ವಿದ್ಯಾರ್ಥಿಗಳು ಸೋಮಾರಿಗಳು ಅಂತ ಬೈಯುವುದು ಸುಲಭ. ತಪ್ಪು ಪ್ರಶ್ನೆಯದ್ದು. ‘ಸವಕಳಿಯ ಅರ್ಥ ಮತ್ತು ವಿಧಗಳನ್ನು ಚರ್ಚಿಸಿ’ ಅಂತ ಕೇಳಿದರೆ ಪುಸ್ತಕದ ಪುಟ ನೋಡಿ ಬರೆಯುತ್ತಾರೆ, ಇನ್ನೇನು ಮಾಡುತ್ತಾರೆ? ನಾನು ಹೀಗೆ ಕೇಳಿ ನೋಡಿದೆ: ‘ನೀವು ದಿನಾ ಬಳಸುವ ಒಂದು ಯಂತ್ರ ಆರಿಸಿಕೊಳ್ಳಿ. ಅದು ಇನ್ನೆಷ್ಟು ವರ್ಷ ಬಾಳುತ್ತೆ? ಪ್ರತಿ ವರ್ಷ ಅದರ ಬೆಲೆ ಒಂದೇ ಸಮ ಇಳಿಯುತ್ತಾ, ಮೊದಲ ವರ್ಷ ಜಾಸ್ತಿ ಇಳಿಯುತ್ತಾ? ಯಾಕೆ?’

ಹೊಲಿಗೆ ಯಂತ್ರ ಬಂತು, ಬಾಡಿಗೆ ಕಾರು ಬಂತು, ಜೆರಾಕ್ಸ್ ಮಷಿನ್ ಬಂತು. ಕಾರಿನವನು ‘ಶೋರೂಮಿನ ಗೇಟ್ ದಾಟಿದ ಕೂಡಲೇ ಬೆಲೆ ಬೀಳುತ್ತೆ’ ಅಂದ. ಹೊಲಿಗೆ ಯಂತ್ರದವಳು ‘ನನ್ನದು ಅಮ್ಮನ ಕಾಲದ್ದು, ಇನ್ನೂ ಬಂಗಾರದ ಹಾಗಿದೆ, ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ ಅಂದರೆ ನಾನು ಒಪ್ಪಲ್ಲ’ ಅಂತ ಜಗಳಕ್ಕೆ ನಿಂತಳು. ಲೆಕ್ಕದ ಪುಸ್ತಕದಲ್ಲಿ ಬರೆದ ಬೆಲೆಗೂ ಮಾರುಕಟ್ಟೆಯ ಬೆಲೆಗೂ ಇರುವ ವ್ಯತ್ಯಾಸವನ್ನು ನಾನು ಹೇಳಬೇಕಾಗಿಯೇ ಬರಲಿಲ್ಲ. ಅವರೇ ಮೂರು ದಿನ ಕಚ್ಚಾಡಿ ಅಲ್ಲಿಗೆ ಬಂದರು. ದೂರಶಿಕ್ಷಣದವರ ದೊಡ್ಡ ಆಸ್ತಿಯೇ ಇದು. ಅವರು ಬರೀ ವಿದ್ಯಾರ್ಥಿಗಳಲ್ಲ, ಬೇರೆ ಬೇರೆ ಕೆಲಸದಲ್ಲಿ ಪಳಗಿದವರು. ರೆಗ್ಯುಲರ್ ಕಾಲೇಜಿನಲ್ಲಿ ಇಂಥ ಕ್ಲಾಸ್ ಸಿಗುವುದೇ ಇಲ್ಲ. ಆ ಗ್ರೂಪಿಗೆ ಬೀಗ ಹಾಕಿದಿರಲ್ಲ, ಅದಕ್ಕೇ ನನಗೆ ಇಷ್ಟು ಹೊಟ್ಟೆ ಉರಿ.

ಅಸೈನ್‌ಮೆಂಟ್ ವಿಷಯಕ್ಕೆ ಬಂದರೆ ನನ್ನ ಹತ್ತಿರ ಎರಡು ನೆನಪಿವೆ. ಮೊದಲ ಡಿಗ್ರಿಯ ಮೊದಲ ಅಸೈನ್‌ಮೆಂಟ್ ನಾಲ್ಕು ತಿಂಗಳಾದ ಮೇಲೆ ವಾಪಸ್ ಬಂತು. ಹದಿನೆಂಟು ಪುಟ ಬರೆದಿದ್ದೆ. ಕೊನೇ ಪುಟದಲ್ಲಿ ಕೆಂಪು ಶಾಯಿಯಲ್ಲಿ ಎರಡು ಪದ: ‘ವಿವರಣೆ ಸಾಲದು’. ಯಾವುದರ ವಿವರಣೆ? ಎಲ್ಲಿ ಸಾಲದು? ಅಷ್ಟರಲ್ಲಿ ಪರೀಕ್ಷೆಯೂ ಮುಗಿದಿತ್ತು.

ಎರಡನೇ ಡಿಗ್ರಿಯಲ್ಲಿ ಒಬ್ಬ ಮೇಡಂ ಇದ್ದರು. ಅವರು ಅಸೈನ್‌ಮೆಂಟಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ತೊಂಬತ್ತು ಸೆಕೆಂಡು. ‘ನೋಡಮ್ಮ, ಮೂರನೇ ಪುಟದ ಉದಾಹರಣೆ ನನಗೆ ತುಂಬಾ ಇಷ್ಟ ಆಯ್ತು. ಆದರೆ ಅದನ್ನು ಹೇಳಿ ಅಲ್ಲಿಗೇ ಬಿಟ್ಟುಬಿಟ್ಟೆ. ಅದರಿಂದ ಏನು ಗೊತ್ತಾಯ್ತು ಅಂತ ಎರಡು ಸಾಲು ಬರೀಬೇಕಿತ್ತು. ಮುಂದಿನ ಸಲ ಹಾಗೆ ಮಾಡು.’ ಹಿಂದೆ ಎಲ್ಲೋ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ಆ ಮೆಸೇಜನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನ್ನ ಮೂರನೇ ಪುಟವನ್ನು ಒಬ್ಬರು ನಿಜವಾಗಿ ಓದಿದ್ದಾರೆ ಅಂತ ಅವತ್ತು ಗೊತ್ತಾಯಿತು.

ಈಗ ನಾನೂ ಅದನ್ನೇ ಮಾಡುತ್ತೇನೆ. ಅರ್ಧ ಪುಟ ಟೈಪ್ ಮಾಡೋಕೆ ಹತ್ತು ನಿಮಿಷ ಬೇಕು, ಒಂದೂವರೆ ನಿಮಿಷ ಮಾತಾಡೋಕೆ ಒಂದೂವರೆ ನಿಮಿಷವೇ ಸಾಕು. ಅರ್ಧ ಎಂಬಿ ಡಾಟಾ ಕೂಡ ಖರ್ಚಾಗುವುದಿಲ್ಲ. ಬೈಗುಳವೂ ದನಿಯಲ್ಲಿ ಮೆತ್ತಗೆ ಕೇಳಿಸುತ್ತೆ, ಅದು ಇನ್ನೊಂದು ಲಾಭ. ಆದರೆ ಕಿವಿ ಕೇಳಿಸದ ವಿದ್ಯಾರ್ಥಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಅವರಿಗೆ ಬರೆದೇ ಕಳಿಸಬೇಕು, ವಿಡಿಯೊಗೆ ಕ್ಯಾಪ್ಶನ್ ಹಾಕಬೇಕು. ಹಾಗೆಯೇ ಕಣ್ಣು ಕಾಣದವರ ಫೋನು ಅಕ್ಷರವನ್ನು ಓದಿ ಹೇಳುತ್ತೆ, ಅಕ್ಷರದ ಫೋಟೊವನ್ನು ಸರಿಯಾಗಿ ಓದಲಾರದು. ನೀವು ಹಳೇ ಪುಸ್ತಕವನ್ನು ಓರೆಯಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಅಂತ ಹಾಕುತ್ತೀರಲ್ಲ, ಅದು ಅವರ ಪಾಲಿಗೆ ಖಾಲಿ ಹಾಳೆ.

ಇನ್ನು ಟೂಲ್‌ಗಳ ಸಂತೆ. ನನ್ನ ಎರಡನೇ ಡಿಗ್ರಿಯಲ್ಲಿ ಒಂದು ಪೋರ್ಟಲ್, ಒಂದು ಆ್ಯಪ್, ಇಮೇಲ್, ಎಸ್ಸೆಮ್ಮೆಸ್, ಎರಡು ವಾಟ್ಸ್‌ಆ್ಯಪ್ ಗ್ರೂಪ್, ಒಂದು ಟೆಲಿಗ್ರಾಂ ಚಾನೆಲ್ ಇದ್ದವು. ಪ್ರಾಜೆಕ್ಟ್ ಕೊಡುವ ಕೊನೇ ದಿನ ಬದಲಾಗಿದ್ದು ಇಮೇಲಿನಲ್ಲಿ ಮಾತ್ರ ಬಂತು. ಆ ಇಮೇಲ್ ಸ್ಪ್ಯಾಮ್‌ಗೆ ಹೋಗಿತ್ತು. ದಯವಿಟ್ಟು ಎರಡೇ ಇಟ್ಟುಕೊಳ್ಳಿ: ನೋಟಿಸಿಗೆ ಒಂದು ಜಾಗ, ಮಾತುಕತೆಗೆ ಒಂದು ಜಾಗ. ತೀರಾ ತುರ್ತಿಗೆ ಎಸ್ಸೆಮ್ಮೆಸ್ ಇರಲಿ, ಡಾಟಾ ಇಲ್ಲದ ಹಳೇ ಫೋನಿಗೂ ಅದು ಮುಟ್ಟುತ್ತೆ. ಇಂಗ್ಲಿಷ್‌ನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿದರೆ ಕನ್ನಡದಂಥ ಲಿಪಿಗಳಲ್ಲಿ 70 ಮಾತ್ರ, ಅದರಲ್ಲಿ ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ‘ಈ ಮೂಲಕ ಎಲ್ಲ ವಿದ್ಯಾರ್ಥಿಗಳ ಗಮನಕ್ಕೆ ತರುವುದೇನೆಂದರೆ’ ಬಿಟ್ಟು ನೇರ ವಿಷಯಕ್ಕೆ ಬನ್ನಿ.

ಮಾತುಕತೆಯ ಜಾಗ ಆರಿಸುವಾಗ ಇನ್ನೊಂದು ನೋಡಿ. ಸಾಮಾನ್ಯ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸಿದ ಕೂಡಲೇ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ. ಗ್ರೂಪಿಗೆ ಸೇರಿದ ವಾರದೊಳಗೆ ನನಗೆ ಗುರುತಿಲ್ಲದವರಿಂದ ರಾತ್ರಿ ಹೊತ್ತು ‘ಹಾಯ್’ ಬರೋಕೆ ಶುರುವಾಯಿತು. ಒಬ್ಬನನ್ನು ಬ್ಲಾಕ್ ಮಾಡಿದರೆ ಇನ್ನೊಬ್ಬ. ಹೀಗೇ ಆಗಿ ಗ್ರೂಪ್ ಬಿಟ್ಟ ಮೂವರು ಹೆಣ್ಣುಮಕ್ಕಳು ನನಗೇ ಗೊತ್ತು. ಆಮೇಲೆ ಅವರಿಗೆ ನೋಟಿಸೂ ತಪ್ಪಿತು, ಪಾಠವೂ ತಪ್ಪಿತು. ನಂಬರ್ ಕಾಣದ ಹಾಗೆ ಮಾತಾಡುವ ವ್ಯವಸ್ಥೆ ಬೇಕಾದಷ್ಟಿದೆ. ನಿಮ್ಮ ಪೋರ್ಟಲ್ಲಿನ ಚರ್ಚಾ ವೇದಿಕೆಯೇ ಸಾಕು, ಅದು ಫೋನಿನಲ್ಲಿ ಸರಿಯಾಗಿ ತೆರೆದುಕೊಂಡರೆ.

ಈಗ ನನ್ನ ತಪ್ಪು. ಪಾಠ ಮಾಡೋಕೆ ಶುರು ಮಾಡಿದ ಹುರುಪಿನಲ್ಲಿ ‘ಯಾವಾಗ ಬೇಕಾದರೂ ಕೇಳಿ’ ಅಂತ ನನ್ನ ಸ್ವಂತ ನಂಬರ್ ಕೊಟ್ಟೆ. ಕೇಳಿದರು. ಬೆಳಗಿನ ಜಾವ ಐದಕ್ಕೆ ಕೇಳಿದರು, ರಾತ್ರಿ ಹನ್ನೆರಡಕ್ಕೆ ಕೇಳಿದರು, ಮದುವೆ ಮನೆಯಲ್ಲಿದ್ದಾಗ ಕೇಳಿದರು. ಮೂರನೇ ತಿಂಗಳಿಗೆ ನಾನು ಗ್ರೂಪನ್ನು ಮ್ಯೂಟ್ ಮಾಡಿದೆ. ಮೆಸೇಜ್ ನೋಡುವುದು, ನಾಳೆ ಉತ್ತರ ಕೊಡೋಣ ಅಂದುಕೊಳ್ಳುವುದು, ಮರೆಯುವುದು. ಒಂದು ದಿನ ನೆನಪಾಯಿತು: 10.52. ಆ ಮೇಷ್ಟ್ರೂ ಹೀಗೇ ಆಗಿರಬೇಕು. ಕೆಟ್ಟವರಾಗಿರಲಿಲ್ಲ, ಸುಸ್ತಾಗಿದ್ದರು.

ಅದಕ್ಕೇ ಸಂಸ್ಥೆ ನಡೆಸುವವರಿಗೆ ಈ ಮಾತು ಹೇಳಲೇಬೇಕು. ತರಗತಿಗೆ ಗಂಟೆ ಲೆಕ್ಕದಲ್ಲಿ ಸಂಭಾವನೆ ಕೊಡುತ್ತೀರಿ. ಅಸೈನ್‌ಮೆಂಟಿಗೆ ಒಂದೊಂದು ಪ್ರತಿಗೆ ಇಷ್ಟು ಅಂತ ಕೊಡುತ್ತೀರಿ. ಪ್ರಶ್ನೆಗೆ ಉತ್ತರ ಕೊಡುವುದಕ್ಕೆ? ಯಾವ ಬಿಲ್ಲಿನಲ್ಲೂ ಆ ಕಾಲಂ ಇಲ್ಲ. ಬಿಟ್ಟಿ ಕೆಲಸ ಎಷ್ಟು ದಿನ ನಡೆಯುತ್ತೆ ಹೇಳಿ. ಹೊಸ ಆ್ಯಪ್ ಕೊಳ್ಳುವ ಮೊದಲು ವಾರಕ್ಕೆ ಮೂರು ಗಂಟೆ ‘ಉತ್ತರ ಕೊಡುವ ಸಮಯ’ ಅಂತ ಇಡಿ, ಅದಕ್ಕೆ ದುಡ್ಡು ಕೊಡಿ. ಮೇಷ್ಟ್ರ ಕೈಗೆ ಇನ್ನೂರು ಜನರನ್ನು ಕೊಟ್ಟು ಮಾತುಕತೆ ನಿರೀಕ್ಷಿಸಬೇಡಿ. ಮೂವತ್ತು ಜನರನ್ನು ಕೊಡಿ, ಹೆಸರು ಹಿಡಿದು ಕರೆಯುತ್ತಾರೆ.

ಮೇಷ್ಟ್ರುಗಳೇ, ಮೇಡಂಗಳೇ, ನೀವೂ ದಿನವಿಡೀ ಸಿಗಬೇಕಿಲ್ಲ. ‘ಸೋಮವಾರ, ಗುರುವಾರ ಸಂಜೆ ಏಳರಿಂದ ಎಂಟೂವರೆ ಉತ್ತರ ಕೊಡುತ್ತೇನೆ, ಯಾವ ಪ್ರಶ್ನೆಯೂ ನಾಲ್ಕು ದಿನ ದಾಟುವುದಿಲ್ಲ’ ಅಂತ ಮೊದಲ ದಿನವೇ ಹೇಳಿಬಿಡಿ. ನಾನು ಹಾಗೆ ಮಾಡಿದ ಮೇಲೆ ರಾತ್ರಿ ಮೆಸೇಜ್ ನಿಂತವು. ಯಾವಾಗ ಉತ್ತರ ಬರುತ್ತೆ ಅಂತ ಗೊತ್ತಿದ್ದರೆ ಜನ ಕಾಯುತ್ತಾರೆ. ಬರುತ್ತೋ ಇಲ್ಲವೋ ಗೊತ್ತಿಲ್ಲದಾಗಲೇ ಹತ್ತು ಸಲ ಕೇಳುವುದು.

ಚಾಟ್‌ಬಾಟ್ ಹಾಕಿದ್ದೇವಲ್ಲ ಅನ್ನುತ್ತೀರಿ. ಇರಲಿ. ಫೀಸಿನ ಕೊನೇ ದಿನ ಯಾವುದು, ಹಾಲ್‌ಟಿಕೆಟ್ ಎಲ್ಲಿ ಸಿಗುತ್ತೆ, ಇದೆಲ್ಲ ಅದು ಹೇಳಲಿ. ‘ಎನ್ ಮೈನಸ್ 1’ ಯಾಕೆ ಅಂತಲೂ ಈಗಿನ ಬಾಟ್‌ಗಳು ತಕ್ಕಮಟ್ಟಿಗೆ ಹೇಳಿಯಾವು. ಆದರೆ ಕೇಳದೇ ಇರುವವರನ್ನು ಏನು ಮಾಡುತ್ತೀರಿ?

ಯಾಕೆಂದರೆ ನಮ್ಮಲ್ಲಿ ಬಿಟ್ಟು ಹೋಗುವವರು ಹೇಳಿ ಹೋಗುವುದಿಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳ ಎಲ್ಲರಿಗೂ ತೆರೆದ ಆನ್‌ಲೈನ್ ಕೋರ್ಸುಗಳ ಲೆಕ್ಕ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. 2017-18ರಲ್ಲಿ ಸೇರಿದವರಲ್ಲಿ ಕೊನೆ ಮುಟ್ಟಿದವರು ನೂರಕ್ಕೆ ಮೂವರ ಆಸುಪಾಸು. ಅಲ್ಲಿ ಸುಮ್ನೆ ಇಣುಕಿ ನೋಡೋಕೆ ಸೇರಿದವರೂ ಇರುತ್ತಾರೆ, ಫೀಸು ಕಟ್ಟಿ ಡಿಗ್ರಿಗೆ ಸೇರಿದವರನ್ನು ಅದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ಅಂಥ ಪಾಠ, ಅಂಥ ವಿಡಿಯೊ ಇದ್ದೂ ಜನ ನಿಲ್ಲಲಿಲ್ಲ ಅನ್ನುವುದನ್ನು ಗಮನಿಸಿ.

ನಿಮ್ಮ ಪೋರ್ಟಲ್‌ನಲ್ಲಿ ಯಾರು ಯಾವತ್ತು ಕೊನೇ ಸಲ ಲಾಗಿನ್ ಆಗಿದ್ದರು ಅನ್ನುವ ಪಟ್ಟಿ ಇರುತ್ತೆ. ಅದನ್ನು ಹಾಜರಾತಿ ಕಮ್ಮಿ ಅಂತ ನೋಟಿಸ್ ಕಳಿಸೋಕೆ ಮಾತ್ರ ಬಳಸಬೇಡಿ. ನಾನು ಒಮ್ಮೆ ಆ ಪಟ್ಟಿ ತೆಗೆದು ನೋಡಿದೆ. ಒಬ್ಬಾತ ಆರು ವಾರದಿಂದ ಬಂದಿರಲಿಲ್ಲ. ‘ಹೇಗಿದ್ದೀರಿ? ಎರಡನೇ ಅಸೈನ್‌ಮೆಂಟ್ ಅರ್ಧಕ್ಕೆ ನಿಂತಿದೆ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಹೇಳಿದರೆ ಅಲ್ಲಿಂದ ನೋಡೋಣ’ ಅಂತ ಮೆಸೇಜ್ ಹಾಕಿದೆ. ಮರುದಿನ ಉತ್ತರ ಬಂತು: ‘ಮೇಡಂ, ನಾನು ಬಿಟ್ಟೆ ಅಂತ ನಾನೇ ಅಂದ್ಕೊಂಡಿದ್ದೆ. ನೀವು ಅಂದ್ಕೊಂಡಿಲ್ವಾ?’ ಕೆಲಸದ ಪಾಳಿ ಬದಲಾಗಿತ್ತಂತೆ, ಎರಡು ಲೈವ್ ಕ್ಲಾಸ್ ತಪ್ಪಿತಂತೆ, ಆಮೇಲೆ ಮುಖ ತೋರಿಸೋಕೆ ಸಂಕೋಚವಂತೆ. ಅಷ್ಟೇ ಕಾರಣ. ಅವರು ಮುಂದಿನ ವರ್ಷ ಪಾಸಾದರು. ಎಲ್ಲರೂ ಹೀಗೆ ವಾಪಸ್ ಬರುವುದಿಲ್ಲ. ನಾನು ಅಂಥ ಹನ್ನೊಂದು ಮೆಸೇಜ್ ಕಳಿಸಿದ್ದೆ, ವಾಪಸ್ ಬಂದವರು ನಾಲ್ಕು ಜನ.

2020ರಲ್ಲಿ ಶಾಲೆ ಕಾಲೇಜು ಮುಚ್ಚಿದಾಗ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಮನೆಯಲ್ಲಿ ಕೂತರು. ಆಗ ನಮಗೆಲ್ಲ ಒಂದು ಆಸೆ ಇತ್ತು. ಈಗ ಎಲ್ಲರಿಗೂ ನಮ್ಮ ಕಷ್ಟ ಗೊತ್ತಾಗುತ್ತೆ, ದೂರಶಿಕ್ಷಣ ಇನ್ನು ಸುಧಾರಿಸುತ್ತೆ ಅಂತ. ಆ ಗಡಿಬಿಡಿಯಲ್ಲಿ ಆದದ್ದು ಬೇರೆಯೇ. ತರಗತಿಯ ಭಾಷಣವನ್ನು ಹಾಗೇ ಎತ್ತಿ ಪರದೆಗೆ ತಂದರು. ಬಾಗಿಲು ತೆರೆದ ಮೇಲೆ ಅವರೆಲ್ಲ ತರಗತಿಗೆ ವಾಪಸ್ ಹೋದರು, ನಮಗೆ ಆ ಭಾಷಣ ಉಳಿಯಿತು.

ಮುಂದಿನ ಬ್ಯಾಚ್ ಶುರುವಾಗುವ ಮೊದಲು ನಿಮ್ಮಿಂದ ಒಂದು ಕೆಲಸ ಆಗಬೇಕು. ಸಂಸ್ಥೆಯ ಮುಖ್ಯಸ್ಥರೇ ಇದನ್ನು ಮಾಡಬೇಕು, ಸಹಾಯಕರ ಕೈಲಿ ಮಾಡಿಸಬೇಡಿ. ಒಂದು ವಿದ್ಯಾರ್ಥಿ ಐಡಿ ತಗೊಳ್ಳಿ. ಆಫೀಸಿನ ಕಂಪ್ಯೂಟರ್ ಬಿಟ್ಟು, ಸಾಧಾರಣ ಫೋನಿನಲ್ಲಿ, ವೈಫೈ ಆಫ್ ಮಾಡಿ ಮೊಬೈಲ್ ಡಾಟಾದಲ್ಲಿ, ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವಾಗ ಲಾಗಿನ್ ಆಗಿ. ಎರಡನೇ ಘಟಕದ ಒಂದು ಪ್ರಶ್ನೆ ಕೇಳೋಕೆ ಪ್ರಯತ್ನಿಸಿ. ಕೇಳುವ ಜಾಗ ಸಿಗೋಕೆ ಎಷ್ಟು ನಿಮಿಷ ಹಿಡಿಯಿತು, ಎಷ್ಟು ಸಲ ಪಾಸ್‌ವರ್ಡ್ ಕೇಳಿತು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪ್ರಶ್ನೆ ಹೋದ ಮೇಲೆ ಆ ಸಮಯವನ್ನೂ ಬರೆದಿಡಿ. ಆಮೇಲೆ ಕಾಯಿರಿ. ಉತ್ತರ ಬಂದ ದಿನ ಆ ಚೀಟಿಯನ್ನು ನಿಮ್ಮ ಮೀಟಿಂಗಿಗೆ ತಗೊಂಡು ಹೋಗಿ. ಎರಡು ವಾರವಾದರೂ ಬರದಿದ್ದರೆ ಉತ್ತರದ ಜಾಗ ಖಾಲಿ ಉಳಿದ ಆ ಚೀಟಿಯನ್ನೇ ತಗೊಂಡು ಹೋಗಿ.

ಇತಿ,
ಎರಡು ಸಲ ದೂರಶಿಕ್ಷಣದಲ್ಲಿ ಓದಿದ, ಈಗ ನಿಮ್ಮ ಅಸೈನ್‌ಮೆಂಟ್‌ಗಳನ್ನು ತಿದ್ದುವ ಒಬ್ಬಳು